ಅಳಿಲಿಗೆ ಬಿಟ್ಟುಕೊಟ್ಟ ಸಾಲು

ಮೂಲಂಗಿ ಗಿಡದ ಮೇಲೆ ಬಿಡುತ್ತದೆ ಎಂದು ನಾನು ಇಪ್ಪತ್ತೊಂಬತ್ತು ವರ್ಷ ನಂಬಿಕೊಂಡಿದ್ದೆ.

ನಗಬೇಡಿ. ಬದನೆ ಗಿಡದ ಮೇಲೆ ಬಿಡುತ್ತದೆ, ಟೊಮೆಟೊ ಗಿಡದ ಮೇಲೆ ಬಿಡುತ್ತದೆ, ಸೌತೆ ಬಳ್ಳಿಯಲ್ಲಿ ನೇತಾಡುತ್ತದೆ. ಮೂಲಂಗಿಯೊಂದು ಮಾತ್ರ ನಾಚಿಕೊಂಡು ಮಣ್ಣೊಳಗೆ ಅಡಗಿ ಕೂರುತ್ತದೆಂದು ನನಗೆ ಹೇಳಿದವರು ಯಾರು? ನಾನು ಅದನ್ನು ಕಂಡದ್ದೆಲ್ಲ ಅಂಗಡಿಯ ಬುಟ್ಟಿಯಲ್ಲಿ. ಮೇಲೆ ಹಸಿರು ಸೊಪ್ಪು, ಅದರಿಂದ ಜೋತುಬಿದ್ದ ಬಿಳಿ ಕಾಯಿ. ನೋಡಿದ ಯಾರಿಗಾದರೂ ಏನನ್ನಿಸಬೇಕೋ ನನಗೂ ಅದೇ ಅನ್ನಿಸಿತ್ತು.

ಹಾಗಾಗಿ ನಮ್ಮ ಮನೆಯ ತಾರಸಿಯಲ್ಲಿ ಮೊದಲ ಸಲ ಮೂಲಂಗಿ ಬಿತ್ತಿ, ಗಿಡಗಳು ಗೇಣುದ್ದ ಎದ್ದಾಗ ನನ್ನ ದೂರದೃಷ್ಟಿ ಕಣ್ಣು ತೆರೆಯಿತು. ಇಷ್ಟು ಬಡಕಲು ಗಿಡ, ಅಷ್ಟು ದಪ್ಪ ಕಾಯಿ! ಭಾರಕ್ಕೆ ಮುರಿದುಬಿದ್ದರೆ? ಒಂದು ಭಾನುವಾರ ಬೆಳಗಿನಿಂದ ಬಗ್ಗಿದ ಬೆನ್ನು ನೆಟ್ಟಗೆ ಮಾಡದೆ ಇಪ್ಪತ್ತೆರಡು ಗಿಡಕ್ಕೆ ಇಪ್ಪತ್ತೆರಡು ಕೋಲು ನೆಟ್ಟೆ. ಒಂದೊಂದಕ್ಕೂ ನೋವಾಗದಂತೆ ಮೆತ್ತನೆಯ ದಾರ ಕಟ್ಟಿದೆ. ಬಟ್ಟೆ ಒಣಹಾಕಲು ಮೇಲೆ ಬಂದ ಹೆಂಡತಿ ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ಬಹಳ ಹೊತ್ತು ನೋಡುತ್ತ ನಿಂತಳು. ಆಮೇಲೆ ಕ್ಲಿಪ್ಪು ತೆಗೆದಳು.

"ಇದೇನ್ರೀ?"

"ಆಸರೆ. ನಾಳೆ ಕಾಯಿ ಬಿಟ್ಟಾಗ ಗಿಡ ಬಾಗಬಾರದಲ್ಲ."

"ಯಾವ ಕಾಯಿ?"

"ಮೂಲಂಗಿ ಕಣೇ! ಇನ್ನೊಂದು ಹತ್ತು ದಿನ, ನೋಡ್ತಿರು, ಗೊಂಚಲು ಗೊಂಚಲು!"

ಅವಳು ಬಗ್ಗಿದಳು, ಒಂದು ಗಿಡದ ಜುಟ್ಟು ಹಿಡಿದಳು, ಎಳೆದಳು. ಕೋಲು, ದಾರ, ಗಿಡದ ಜೊತೆಗೆ ಬೆಳ್ಳಗೆ ಮಿಂಚುವ ಮೂಲಂಗಿಯೊಂದು ಮಣ್ಣು ಕೊಡವಿಕೊಂಡು ಎದ್ದು ಬಂತು. ಒದ್ದೆ ಟವೆಲಿಗೆ ಒರೆಸಿ ಕಟುಕ್ಕನೆ ಕಚ್ಚಿದಳು.

"ಬಿಟ್ಟಿದೆ," ಎಂದಳು ಅಗಿಯುತ್ತ. "ಕೆಳಗಡೆ."

ಬೇರೆ ಯಾರಾದರೂ ಆಗಿದ್ದರೆ ಅವತ್ತೇ ಸಲಿಕೆಗೆ ಕೈಮುಗಿದು ಕೆಳಗಿಳಿಯುತ್ತಿದ್ದರು. ನಾನು ಇಳಿಯುವ ಜಾಯಮಾನದವನಲ್ಲ. ಬೆಳೆಯುವ ವಿದ್ಯೆ ನನಗೆ ಒಲಿಯದೆ ಇರಬಹುದು. ಆದರೆ ಬೆಳೆದದ್ದನ್ನು ಸಂಭಾಳಿಸುವ ವಿದ್ಯೆ? ಅದರಲ್ಲಿ ನನ್ನನ್ನು ಮೀರಿಸುವವರು ಯಾರಿದ್ದಾರೆ!

ಏಕೆಂದರೆ ನಾನು ಔಷಧಿ ಗೋದಾಮಿನ ಸ್ಟೋರ್ ಕೀಪರ್. ನಮ್ಮ ಗೋದಾಮಿನ ಬಾಗಿಲ ಮೇಲೆ ಕೆಂಪಕ್ಷರದ ಫಲಕವಿದೆ: 'ಮೊದಲು ಬಂದದ್ದು ಮೊದಲು ಹೋಗಲಿ.' ಹೊಸ ಪೆಟ್ಟಿಗೆ ಹಿಂದಿನಿಂದ ಒಳಗೆ, ಹಳೆ ಪೆಟ್ಟಿಗೆ ಮುಂದಿನಿಂದ ಹೊರಗೆ. ಹಳೆಯದು ಖಾಲಿಯಾಗುವ ತನಕ ಹೊಸದನ್ನು ಮುಟ್ಟುವ ಹಾಗಿಲ್ಲ. ಒಮ್ಮೆ ನಮ್ಮ ದೊಡ್ಡ ಸಾಹೇಬರೇ ಕೆಮ್ಮುತ್ತ ಬಂದು, "ಹೊಸ ಸ್ಟಾಕಿಂದ ಒಂದು ಬಾಟ್ಲಿ ಕೊಡಯ್ಯ" ಎಂದರೂ ಎಲ್ಲಕ್ಕಿಂತ ಹಳೆಯದನ್ನೇ ಹುಡುಕಿ ಕೊಟ್ಟವನು ನಾನು. ಅವರ ಕೆಮ್ಮು ನಿಂತಿತೋ ಇಲ್ಲವೋ ಗೊತ್ತಿಲ್ಲ, ನನಗೆ 'ಅವಧಿ ಮೀರಿದ ಒಂದು ಮಾತ್ರೆಯೂ ಇಲ್ಲದ ಐದು ವರ್ಷ' ಎಂಬ ಪ್ರಶಸ್ತಿ ಪತ್ರ ಬಂತು. ಅದನ್ನು ಚೌಕಟ್ಟು ಹಾಕಿಸಿ ಅಡುಗೆಮನೆಯ ಗೋಡೆಗೆ, ಫ್ರಿಜ್ಜಿನ ಮೇಲುಗಡೆ ನೇತುಹಾಕಿದೆ.

"ಇದು ಇಲ್ಲಿ ಯಾಕೆ?" ಎಂದಳು ಹೆಂಡತಿ.

"ಇನ್ನು ಮುಂದೆ ಈ ಮನೆ ತರಕಾರಿನೂ ಪದ್ಧತಿ ಪ್ರಕಾರ ಹೋಗುತ್ತೆ. ಒಂದು ಬೀನ್ಸೂ ವ್ಯರ್ಥ ಆಗಬಾರದು!"

ಅವಳು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ದಿನವಿಡೀ ಜನರಿಗೆ ಎದುರಿಗಿರುವುದನ್ನು ಕಾಣಿಸಿ ಕಾಣಿಸಿ ದಣಿದು ಬರುವವಳು. ನನ್ನನ್ನು ಒಂದು ಕ್ಷಣ, ಯಾವ ನಂಬರಿನ ಗಾಜು ಹಾಕಬೇಕೆಂದು ಅಳೆಯುವವಳಂತೆ ನೋಡಿ, ಒಳಗೆ ಹೋದಳು.

ಮೊದಲ ಕೊಯ್ಲು ಒಂದು ಸೋಮವಾರ ಸಂಜೆ, ಗೋದಾಮಿನಿಂದ ಬಂದ ಮೇಲೆ ಆಯಿತು. ಎಂಟು ಬೀನ್ಸು, ಎರಡು ಬದನೆ, ಮೂರು ಟೊಮೆಟೊ. ಪ್ರತಿಯೊಂದಕ್ಕೂ ತಾರೀಖಿನ ಚೀಟಿ ಅಂಟಿಸಿದೆ. ಹೌದು, ಬೀನ್ಸಿಗೂ. ಎಂಟಕ್ಕೂ.

"ಎಂಟು ಬೀನ್ಸಲ್ಲಿ ಏನ್ರೀ ಮಾಡ್ಲಿ? ಕಿವಿಗೆ ಹಾಕ್ಕೊಳ್ಳಾ?"

"ಇರಲಿ ಬಿಡು, ಇನ್ನಷ್ಟು ಸೇರಲಿ."

ಸೇರಿತು. ಮಂಗಳವಾರದ್ದು ಸೋಮವಾರದ್ದರ ಹಿಂದೆ ನಿಂತಿತು, ಬುಧವಾರದ್ದು ಅದರ ಹಿಂದೆ. ಗುರುವಾರ ನಾನು ಬುಟ್ಟಿ ತುಂಬ ಹೊಳೆಹೊಳೆಯುವ ಬದನೆ ತಂದಿಟ್ಟಾಗ ಅವಳ ಮುಖ ಅರಳಿತು. ಚಾಕು ಕೈಗೆತ್ತಿಕೊಂಡಳು. ನಾನು ಅಡ್ಡ ನಿಂತೆ.

"ಇದಲ್ಲ. ಸೋಮವಾರದ್ದು ಮೊದಲು."

"ಅದು ಸುಕ್ಕು ಬಿದ್ದಿದೆ ರೀ. ಇವತ್ತು ಕಿತ್ತದ್ದನ್ನ ಇವತ್ತೇ ಮಾಡೋಣ."

"ಹಾಗಾದ್ರೆ ಸೋಮವಾರದ್ದರ ಗತಿ?"

"ಗೊಬ್ಬರಕ್ಕೆ ಹಾಕೋಣ."

"ಗೊಬ್ಬರಕ್ಕೆ!" ನನ್ನ ಕೈ ತಾನಾಗಿ ಪ್ರಶಸ್ತಿ ಪತ್ರದ ಕಡೆಗೆ ಹೋಯಿತು. "ಈ ಮನೇಲಿ ಅವಧಿ ಮೀರಿಸಿ ಎಸೆಯೋದಾ? ನಾನಿದ್ದೂ?"

ಅಂದು ಸೋಮವಾರದ್ದನ್ನು ತಿಂದೆವು. ಶುಕ್ರವಾರ ಮಂಗಳವಾರದ್ದು. ಬೆಳೆ ಹೆಚ್ಚಿದಷ್ಟೂ ಸರತಿ ಸಾಲು ಉದ್ದವಾಯಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ, ತಲೆಯ ಮೇಲೇ ತೋಟವಿದ್ದ ನಾವು, ಊರಿನಲ್ಲಿ ಯಾರೂ ತಿನ್ನದಷ್ಟು ಬಾಡಿದ ತರಕಾರಿ ತಿನ್ನುತ್ತಿದ್ದೆವು. ಬೀದಿ ತಿರುವಿನ ಅಂಗಡಿಯವನ ಬದನೆಗೆ ಇನ್ನೂ ಒಂದು ದಿನದ ಪ್ರಾಯ, ನಮ್ಮದಕ್ಕೆ ಷಷ್ಟಿಪೂರ್ತಿ! ಗಿಡದಿಂದ ಈಗ ತಾನೇ ಬಂದದ್ದು ಫ್ರಿಜ್ಜಿನ ಹಿಂಭಾಗದಲ್ಲಿ ತನ್ನ ಪಾಳಿಗೆ ಕಾಯುತ್ತ, ಕಾಯುತ್ತ ಬಳಲಿ, ಮುಂದೆ ಬರುವಷ್ಟರಲ್ಲಿ ಯೌವನ ಕಳೆದುಕೊಳ್ಳುತ್ತಿತ್ತು.

ಇದು ನನಗೆ ಹೊಳೆಯಿತೇ? ಇಲ್ಲ ಸ್ವಾಮಿ! ನಾನು ಜೋತುಬಿದ್ದ ಬೀನ್ಸನ್ನು ಕೈಯಲ್ಲೆತ್ತಿ ಗೋದಾಮಿನ ಗೆಳೆಯರಿಗೆ ಉಪನ್ಯಾಸ ಕೊಡುತ್ತಿದ್ದೆ. "ನೋಡ್ರಪ್ಪಾ, ಮನೇಲಿ ಬೆಳೆದದ್ದು ಹೀಗೇ ಇರೋದು. ಮೆತ್ತಗೆ. ಅಂಗಡಿಯದು ಸೆಟೆದು ನಿಂತಿರುತ್ತಲ್ಲ, ಅದೆಲ್ಲ ಔಷಧಿ ಹೊಡೆದದ್ದು!" ಪ್ಯಾಕಿಂಗಿನವನು ಒಂದು ಚೂರು ಬಾಯಿಗೆ ಹಾಕಿಕೊಂಡು, ನನ್ನ ಮುಖ ನೋಡಿ, "ಪಾಪ ಸಾರ್," ಎಂದ. ಅದು ಬೀನ್ಸಿಗೆ ಹೇಳಿದ್ದು ಎಂದುಕೊಂಡೆ.

ಈ ಮಧ್ಯೆ ನನ್ನ ಸಾಮ್ರಾಜ್ಯಕ್ಕೆ ಶತ್ರುವೊಬ್ಬ ಹುಟ್ಟಿಕೊಂಡ.

ತಾರಸಿಯಲ್ಲಿ ಒಟ್ಟು ನಾಲ್ಕು ಸಾಲು ಕುಂಡಗಳು. ಮೂರು ಸಾಲು ಮೆಟ್ಟಿಲಿನ ಕಡೆ, ನಾಲ್ಕನೆಯದು ನೀರಿನ ಟ್ಯಾಂಕಿನ ಹಿಂದೆ, ಬಟ್ಟೆ ಒಣಹಾಕುವ ತಂತಿಯ ಪಕ್ಕದಲ್ಲಿ. ಆ ನಾಲ್ಕನೆ ಸಾಲಿನಲ್ಲಿ ನಿನ್ನೆ ಸಂಜೆ ಎಣಿಸಿಟ್ಟ ಟೊಮೆಟೊ ಇವತ್ತು ಸಂಜೆ ಇರುತ್ತಿರಲಿಲ್ಲ. ನಿನ್ನೆ ಎಳೆಯದಾಗಿದ್ದ ಬದನೆ ಇವತ್ತು ಮಾಯ. ಗೋದಾಮಿನಲ್ಲಿ ಐದು ವರ್ಷ ಒಂದು ಮಾತ್ರೆ ಕಾಣೆಯಾಗದಂತೆ ಕಾದವನ ಮೂಗಿನ ಕೆಳಗೆ ಕಳ್ಳತನ! ಒಂದು ದಿನ ಕಾಂಪೌಂಡ್ ಗೋಡೆಯ ಮೇಲೆ ಬಾಲ ನಿಗುರಿಸಿಕೊಂಡು ಓಡಿದ ಅಳಿಲನ್ನು ಕಂಡೆ. ಸಿಕ್ಕಿತು ಸುಳಿವು!

"ಇಲ್ಲಿ ಬಾರೇ, ತೊಟ್ಟು ನೋಡು," ಎಂದು ಹೆಂಡತಿಯನ್ನು ಕರೆದು ತೋರಿಸಿದೆ. "ಎಂಥಾ ಹಲ್ಲು ಇದಕ್ಕೆ! ಕತ್ತರಿಯಲ್ಲಿ ಕತ್ತರಿಸಿದ ಹಾಗಿದೆ!"

ಅವಳು ಬಗ್ಗಿ ನೋಡಿದಳು. "ಹೌದಲ್ವಾ. ಒಳ್ಳೆ ಮನೆತನದ ಅಳಿಲಿರಬೇಕು."

"ಬಿಡಲ್ಲ ನಾನು."

"ಹೋಗ್ಲಿ ಬಿಡಿ ರೀ, ಪಾಪ. ಅದಕ್ಕೂ ಹೊಟ್ಟೆ ಇಲ್ವಾ?"

ಎಂಥ ಕರುಣಾಮಯಿ ನನ್ನಾಕೆ ಎಂದು ಹೃದಯ ತುಂಬಿ ಬಂತು. ಆದರೆ ಯುದ್ಧ ಯುದ್ಧವೇ. ಹಳೆ ಸೀಡಿಗಳನ್ನು ದಾರಕ್ಕೆ ಪೋಣಿಸಿ ಮಿರಮಿರ ಮಿಂಚುವಂತೆ ಕಟ್ಟಿದೆ. ಅಳಿಲು ಸೊಪ್ಪು ಹಾಕಲಿಲ್ಲ. ನನ್ನ ಗೋದಾಮಿನ ಖಾಕಿ ಅಂಗಿಯನ್ನು ಕೋಲಿಗೆ ತೊಡಿಸಿ, ಮಡಕೆಯ ತಲೆಯಿಟ್ಟು ಬೆದರುಬೊಂಬೆ ನಿಲ್ಲಿಸಿದೆ. ಮರುದಿನ ಬದನೆ ಎಂದಿನಂತೆ ಮಾಯ. ಬೊಂಬೆಯ ಚಾಚಿದ ಕೈಗಳ ಮೇಲೆ ನನ್ನವೇ ಎರಡು ಒದ್ದೆ ಕಾಲುಚೀಲ ಒಣಗುತ್ತಿದ್ದವು. ಕೊನೆಗೆ ದೊಡ್ಡ ಮನಸ್ಸು ಮಾಡಿ ಸಂಧಿಗೆ ಒಪ್ಪಿದೆ. ನಾಲ್ಕನೆ ಸಾಲು ಅಳಿಲಿಗೆ, ಮೂರು ಸಾಲು ನನಗೆ. ಅಂದಿನಿಂದ ಟ್ಯಾಂಕಿನ ಹಿಂದೆ ತಲೆಹಾಕುವುದನ್ನೇ ಬಿಟ್ಟೆ. ಆ ಸಾಲಿಗೆ ನೀರು? "ನಾನು ಬೆಳಗ್ಗೆ ಬಟ್ಟೆ ಹಾಕಕ್ಕೆ ಹೋಗ್ತೀನಲ್ಲ, ಒಂದು ಬಕೆಟ್ ಸುರೀತೀನಿ ಬಿಡಿ," ಎಂದಳು ಕರುಣಾಮಯಿ.

ಹೀಗೆ ರಾಜ್ಯ ಶಾಂತವಾಗಿರುವಾಗ, ಒಂದು ಮಂಗಳವಾರ ಸಂಜೆ ನನ್ನ ಮಾವ, ಅಂದರೆ ಹೆಂಡತಿಯ ತಂದೆ, ಅಳತೆಪಟ್ಟಿ ಹಿಡಿದುಕೊಂಡು ಬಂದರು.

ಮಾವನವರನ್ನು ಪರಿಚಯಿಸಬೇಕು. ನಲವತ್ತು ವರ್ಷ ತರಕಾರಿ ಮಂಡಿಯಲ್ಲಿ ಕೂತು ವ್ಯಾಪಾರ ಮಾಡಿದವರು. ಕಣ್ಣು ಮುಚ್ಚಿ, ಹೆಬ್ಬೆರಳಿನ ಉಗುರೂರಿ, ಬದನೆಯ ಜನ್ಮದಿನ ಹೇಳಬಲ್ಲವರು. ನಾವಿರುವ ಮನೆ ಅವರದ್ದೇ. ಅವರಿರುವುದು ಎರಡು ಬೀದಿ ಆಚೆ. ಈಚೆಗೆ ವ್ಯಾಪಾರ ಬಿಟ್ಟು, ಮಂಡಿಯ ತಕ್ಕಡಿ, ತೂಕದ ಕಲ್ಲು, ಇನ್ನೂರು ಪ್ಲಾಸ್ಟಿಕ್ ಕ್ರೇಟುಗಳನ್ನು ಮನೆಯ ನಡುಕೋಣೆಗೆ ತಂದು ಸುರಿದಿದ್ದರು. ಅತ್ತೆಯವರು, "ಈ ಮನೇಲಿ ಕ್ರೇಟಾದರೂ ಇರಲಿ, ನಾನಾದರೂ ಇರ್ತೀನಿ" ಎಂದರಂತೆ. ಮಾವ ಎರಡು ದಿನ ಯೋಚಿಸಿದರಂತೆ. ಅದಕ್ಕೆ ಅತ್ತೆ ಇನ್ನೂ ಸಿಟ್ಟಾದರಂತೆ.

"ಅಳಿಯಂದ್ರೇ, ನಿಮ್ಮ ತಾರಸಿ ಮೇಲೆ ಶೀಟು ಹೊದಿಸ್ತೀನಿ," ಎಂದರು ಕೂರುವ ಮೊದಲೇ. "ಕ್ರೇಟೆಲ್ಲ ಅಲ್ಲಿಗೆ."

"ಮಾವ! ಅಲ್ಲಿ ತೋಟ ಇದೆಯಲ್ಲ!"

"ಇರಲಿ, ಕಿತ್ತು ಹಾಕಿದ್ರಾಯ್ತು."

ನನ್ನ ಜೀವ ಬಾಯಿಗೆ ಬಂತು. ನಗೆಯಾಡುತ್ತ ಬರೆಯುತ್ತಿದ್ದೇನೆ, ಆದರೆ ಆ ಕ್ಷಣ ನಿಜಕ್ಕೂ ನಗುವಂಥದ್ದಾಗಿರಲಿಲ್ಲ. ಗೋದಾಮಿನಲ್ಲಿ ಒಂಬತ್ತು ಗಂಟೆ ರಟ್ಟಿನ ಪೆಟ್ಟಿಗೆಗಳ ನಡುವೆ ಕಳೆದು ಬರುವವನಿಗೆ, ಸಂಜೆ ಆ ಮೂರು ಸಾಲಿನ ಮಧ್ಯೆ ಪೈಪು ಹಿಡಿದು ನಿಲ್ಲುವುದೊಂದೇ ಉಸಿರು. ನಾನು ಇಟ್ಟ ಬೀಜ ನನ್ನನ್ನು ಏನೂ ಕೇಳದೆ ಮೊಳೆತದ್ದನ್ನು ಕಂಡ ಜಾಗ ಅದು. ಅದನ್ನು ಇನ್ನೂರು ಖಾಲಿ ಕ್ರೇಟಿಗೆ ಬಿಟ್ಟುಕೊಡುವುದೇ?

"ಮಾವ, ಆ ತೋಟ ಈ ಮನೆಗೆ ಅನ್ನ ಹಾಕ್ತಿದೆ," ಎಂದೆ ಎದೆಯುಬ್ಬಿಸಿ. "ನೀವು ಮಂಡಿಯಲ್ಲಿ ನಲವತ್ತು ವರ್ಷದಲ್ಲಿ ನೋಡಿರದಂಥ ತರಕಾರಿ!"

ನಾನು ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು. ಅಂಥದ್ದನ್ನು ಅವರು ಮಂಡಿಯ ಬಾಗಿಲೊಳಗೆ ಬಿಟ್ಟೇ ಇರಲಿಲ್ಲ.

ಮಾವ ಅಳತೆಪಟ್ಟಿಯನ್ನು ಸರ್ರನೆ ಒಳಗೆ ಎಳೆದುಕೊಂಡರು. "ಹೌದಾ? ಸರಿ ಹಾಗಾದ್ರೆ. ಭಾನುವಾರ ಮಧ್ಯಾಹ್ನ ಊಟಕ್ಕೆ ಬರ್ತೀನಿ. ಎಲ್ಲ ನಿಮ್ಮ ತಾರಸಿದೇ ಆಗಿರಬೇಕು, ಅಂಗಡಿದು ಒಂದು ಟೊಮೆಟೊನೂ ಬೆರೆಸೋ ಹಾಗಿಲ್ಲ. ಬೆರೆಸಿದ್ರೆ ನನಗೆ ಗೊತ್ತಾಗುತ್ತೆ. ಉಂಡು, ನಾನಾಗೇ ಇನ್ನೊಂದು ಸಲ ಬಡಿಸಿ ಅಂತ ಕೇಳಿದ್ರೆ ತಾರಸಿ ನಿಮ್ದು. ಕೇಳದಿದ್ರೆ ಸೋಮವಾರ ಶೀಟು."

"ಒಪ್ಪಿದೆ!" ಎಂದೆ, ಹೆಂಡತಿ ನನ್ನ ಕಾಲು ತುಳಿಯುವ ಮೊದಲೇ.

ಮಾವ ಹೋದ ಮೇಲೆ ಅವಳು ಹೇಳಿದ್ದು ಸರಳವಾಗಿತ್ತು. "ಭಾನುವಾರ ಬೆಳಗ್ಗೆ ಕಿತ್ತು, ಬಿಸಿಬಿಸಿ ಮಾಡಿ ಬಡಿಸೋಣ. ಮುಗೀತು."

"ಫ್ರಿಜ್ಜಲ್ಲಿ ಏಳು ದಿನದ್ದು ಸಾಲಾಗಿ ಇದೆಯಲ್ಲ, ಅದು?"

"ಒಂದು ದಿನ ನಿಮ್ಮ ಪದ್ಧತಿಗೆ ರಜೆ ಕೊಡಿ ರೀ."

"ದೊಡ್ಡ ಸಾಹೇಬರಿಗೇ ಕೊಟ್ಟಿಲ್ಲ, ಮಾವನಿಗೆ ಕೊಡ್ಲಾ?" ಎಂದೆ. ಆದರೆ ತಾರಸಿ ಹೋಗುವ ಭಯವೂ ಇತ್ತು. ಪದ್ಧತಿಯೂ ಉಳಿಯಬೇಕು, ತಾರಸಿಯೂ ಉಳಿಯಬೇಕು. ರಾತ್ರಿ ಊಟದ ತಟ್ಟೆಯ ಮುಂದೆಯೇ ಉಪಾಯ ಹೊಳೆಯಿತು. ಭಾನುವಾರದೊಳಗೆ ಫ್ರಿಜ್ಜಿನ ಸಾಲು ಪೂರ್ತಿ ಖಾಲಿಯಾದರೆ? ಆಗ ಭಾನುವಾರದ್ದೇ ಮೊದಲು ಬಂದದ್ದು, ಭಾನುವಾರದ್ದೇ ಮೊದಲು ಹೋಗುವುದು! ನಿಯಮ ಮುರಿಯದೆ ತಾಜಾ ಊಟ! ನನ್ನ ಬುದ್ಧಿಗೆ ನಾನೇ ಬೆರಗಾದೆ.

"ನಾಳೆಯಿಂದ ಎರಡು ಆಜ್ಞೆ," ಎಂದು ಘೋಷಿಸಿದೆ. "ಒಂದು, ಫ್ರಿಜ್ಜಲ್ಲಿರೋದನ್ನೆಲ್ಲ ಶನಿವಾರದೊಳಗೆ ತಿಂದು ಮುಗಿಸಬೇಕು. ಎರಡು, ಭಾನುವಾರದವರೆಗೂ ಗಿಡದಿಂದ ಒಂದು ಕಾಯಿನೂ ಕೀಳಬಾರದು."

"ನಾಲ್ಕು ದಿನ ಕೀಳದೆ ಬಿಟ್ರೆ ಬಲಿತುಹೋಗುತ್ತೆ ರೀ."

"ಗಿಡದ ಮೇಲಿದ್ದಷ್ಟು ದಿನ ತಾಜಾನೇ ಕಣೇ! ಅದಕ್ಕಿಂತ ಒಳ್ಳೆ ಫ್ರಿಜ್ ಉಂಟಾ?"

"ಅಳಿಲಿಗೂ ಆಜ್ಞೆನಾ?" ಎಂದಷ್ಟೇ ಕೇಳಿದಳು.

"ಸಂಧಿ ಸಂಧಿಯೇ. ನಾಲ್ಕನೆ ಸಾಲು ಅದರ ಪಾಲು."

"ಸರಿ," ಎಂದಳು.

ಮುಂದಿನ ನಾಲ್ಕು ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ಊಟ ಎನ್ನಲಾಗದು. ಅದೊಂದು ದಂಡಯಾತ್ರೆ. ಬುಧವಾರ ಬೆಳಗ್ಗೆ ಹುರಿದ ಬದನೆ, ಮಧ್ಯಾಹ್ನ ಬೇಯಿಸಿದ ಬದನೆ, ರಾತ್ರಿ ಬೆಳಗ್ಗೆ ಹುರಿದು ಉಳಿದಿದ್ದ ಬದನೆಯನ್ನು ಮಧ್ಯಾಹ್ನ ಬೇಯಿಸಿ ಉಳಿದಿದ್ದ ಬದನೆಯ ಜೊತೆ ಕಲಸಿದ ಬದನೆ. ಗುರುವಾರ ಬೀನ್ಸಿನ ಸರದಿ. ಮೃದುವಾದ ಸೌತೆಕಾಯಿಯನ್ನು ಮಡಚಿ ಡಬ್ಬಿಗೆ ಹಾಕಿಕೊಂಡು ಗೋದಾಮಿಗೆ ಹೋದೆ. ಮಡಚಿದೆ ಎಂದದ್ದು ಉತ್ಪ್ರೇಕ್ಷೆಯಲ್ಲ. ಗೆಳೆಯರಿಗೆ ಹಂಚಹೋದರೆ ಪ್ಯಾಕಿಂಗಿನವನು ಅಂದು ಉಪವಾಸವೆಂದ, ಲೋಡಿಂಗಿನವನಿಗೆ ಹಲ್ಲುನೋವು, ದೊಡ್ಡ ಸಾಹೇಬರು ನನ್ನ ಡಬ್ಬಿ ಕಂಡದ್ದೇ ಕೆಮ್ಮತೊಡಗಿದರು.

ಶುಕ್ರವಾರ ಬುಟ್ಟಿ ಹಿಡಿದು ಎದುರುಮನೆ ಅಕ್ಕನ ಬಾಗಿಲು ತಟ್ಟಿದೆ. ಕಿಟಕಿಯ ಪರದೆ ಒಂದಿಷ್ಟು ಸರಿದು, ಮತ್ತೆ ಮುಚ್ಚಿತು. ಒಳಗಿನಿಂದ ಅಕ್ಕನ ದನಿ: "ಮನೇಲಿ ಯಾರೂ ಇಲ್ಲಪ್ಪಾ!"

ಶನಿವಾರ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಅಗಿದೆವು. ಹೊಟ್ಟೆಯಲ್ಲಿ ಗುಡುಗು. ನಾನು ಗೋದಾಮಿನಿಂದಲೇ ಅಜೀರ್ಣದ ಮಾತ್ರೆ ಕೊಂಡುತಂದೆ, ಅದೂ ಎಲ್ಲಕ್ಕಿಂತ ಹಳೆಯ ಪಟ್ಟಿಯಿಂದ. ಸಂಜೆಯ ಹೊತ್ತಿಗೆ ಕೊನೆಯ ಟೊಮೆಟೊ ಇಳಿಯಿತು. ಫ್ರಿಜ್ಜಿನ ಬಾಗಿಲು ತೆರೆದರೆ ಒಳಗೆ ಬೆಳಕು ಮಾತ್ರ! ನನ್ನ ಕಣ್ಣಲ್ಲಿ ನೀರು ಬಂತು. ಅರ್ಧ ಹೆಮ್ಮೆಗೆ, ಅರ್ಧ ಬದನೆಗೆ.

ಇಷ್ಟೂ ದಿನ ಸಂಜೆ ನೀರು ಹಾಕಲು ಹೋದಾಗಲೆಲ್ಲ ನನ್ನ ಮೂರು ಸಾಲು ನೋಡಿ ಹಿಗ್ಗುತ್ತಿದ್ದೆ. ಸೌತೆ ದಿನದಿನಕ್ಕೆ ಉಬ್ಬುತ್ತಿತ್ತು. ಬದನೆಗೆ ಕುಂಬಳದ ಗತ್ತು ಬಂದಿತ್ತು. ಇನ್ನಷ್ಟು ತಾಜಾ ಆಗಲೆಂದು ದಿನಕ್ಕೆ ಎರಡು ಪಟ್ಟು ನೀರು ಸುರಿದೆ.

ಭಾನುವಾರ ಬೆಳಗ್ಗೆ ಎಂಟಕ್ಕೆ ರಾಜಗಾಂಭೀರ್ಯದಿಂದ ಕೊಯ್ಲು ಮಾಡಿ, 'ಇಂದು' ಎಂದು ಚೀಟಿ ಅಂಟಿಸಿ, ಅಡುಗೆಮನೆಗೆ ಇಳಿದೆ. "ಇವತ್ತು ನೀನು ಕೂತ್ಕೋ. ಅಡುಗೆ ನನ್ದು," ಎಂದೆ. ಅವಳು ನಿಜವಾಗಿಯೂ ಕೂತಳು. ಕೈಯಲ್ಲಿ ಕಾಫಿ ಲೋಟ, ಮುಖದಲ್ಲಿ ಶಾಂತಿ.

ಸೌತೆಕಾಯಿಗೆ ಚಾಕು ಹಾಕಿದೆ. ಚಾಕು ಒಳಗೆ ಹೋಗಲಿಲ್ಲ. ಎರಡು ಕೈಯಲ್ಲಿ ಒತ್ತಿದೆ. ಸೌತೆ ಚಂಗನೆ ಹಾರಿ ಕಪಾಟಿಗೆ ಬಡಿದು, ಕಪಾಟಿನ ಬಣ್ಣ ಕಿತ್ತುಬಂತು, ಸೌತೆಗೆ ಏನೂ ಆಗಲಿಲ್ಲ. ಬದನೆ ಸೀಳಿದರೆ ಒಳಗೆ ಬರೀ ಬೀಜ. ಮುಂದಿನ ಹತ್ತು ವರ್ಷ ಬಿತ್ತಬಹುದಿತ್ತು. ಹೆಚ್ಚು ನೀರು ಕುಡಿದ ಟೊಮೆಟೊಗಳು ಮೈಯೆಲ್ಲ ಬಿರಿದು, ಬಿರುಕಿನಲ್ಲಿ ಇರುವೆಗಳ ಮೆರವಣಿಗೆ. ಬೀನ್ಸಿನ ನಾರು ತೆಗೆಯಹೋದರೆ ನಾರೇ ಉಳಿಯಿತು, ಬೀನ್ಸು ಹೋಯಿತು. ಅದನ್ನೂ ಬಿಡದೆ ಕುಕ್ಕರಿಗೆ ಹಾಕಿ ಹನ್ನೊಂದು ಸೀಟಿ ಕೂಗಿಸಿದೆ. ಮುಚ್ಚಳ ತೆಗೆದು ಒಂದನ್ನು ಕಚ್ಚಿ ಎಳೆದೆ. ಹಗ್ಗಜಗ್ಗಾಟದಲ್ಲಿ ಬೀನ್ಸು ಗೆದ್ದಿತು.

"ಏನಾಯ್ತೇ ಇದಕ್ಕೆಲ್ಲ!"

"ಬಲಿತಿದೆ," ಎಂದಳು ಕಾಫಿ ಹೀರುತ್ತ. "ಮಂಗಳವಾರವೇ ಹೇಳ್ದೆ."

"ಅಂಗಡಿಯಿಂದ ತಂದುಬಿಡ್ಲಾ? ಎರಡೇ ನಿಮಿಷ..."

"ತನ್ನಿ. ಅಪ್ಪ ಮುಟ್ಟಿ ನೋಡಿ ಯಾವ ಲಾರೀಲಿ ಬಂತು, ಡ್ರೈವರ್ ಯಾರು, ಎಲ್ಲ ಹೇಳ್ತಾರೆ."

ಅಷ್ಟರಲ್ಲಿ ಬಾಗಿಲ ಬಳಿ ಕೆಮ್ಮು. ಹನ್ನೆರಡೂವರೆಗೆ ಬರಬೇಕಾದ ಮಾವ ಹನ್ನೊಂದೂವರೆಗೇ ಹಾಜರ್! ನೇರ ಅಡುಗೆಮನೆಗೆ ಬಂದರು. ಜೇಬಿನಿಂದ ಅಳತೆಪಟ್ಟಿಯ ತುದಿ ಇಣುಕುತ್ತಿತ್ತು. ಸೌತೆಯನ್ನು ಎತ್ತಿಕೊಂಡು ಹೆಬ್ಬೆರಳಿನ ಉಗುರೂರಿದರು. ನಲವತ್ತು ವರ್ಷ ಸೋಲು ಕಾಣದ ಉಗುರು ಜಾರಿತು.

"ಅಳಿಯಂದ್ರೇ," ಎಂದರು ಬಹಳ ಮರ್ಯಾದೆಯಿಂದ, "ಇದನ್ನ ತಿನ್ನಕ್ಕೆ ಇಟ್ಟಿದ್ದೀರೋ, ಬಾಗಿಲು ಗಾಳಿಗೆ ಬಡೀಬಾರ್ದು ಅಂತ ಅಡ್ಡ ಇಡಕ್ಕೋ?"

ನಾನು ತಲೆ ತಗ್ಗಿಸಿದೆ. ಮಾವ ಅಳತೆಪಟ್ಟಿ ಹೊರತೆಗೆದು ಮೆಟ್ಟಿಲು ಹತ್ತಿದರು. ಮೇಲಿನಿಂದ ಪಟ್ಟಿ ಎಳೆಯುವ ಸರಸರ ಸದ್ದು ಕೇಳಿಸಿತು. ಉದ್ದ. ಅಗಲ. ಒಂದೊಂದು ಸದ್ದಿಗೂ ನನ್ನ ಎದೆಯ ಮೇಲೆ ಒಂದೊಂದು ಶೀಟು ಕೂತ ಹಾಗಾಯಿತು. ಸ್ಟೂಲಿನ ಮೇಲೆ ಕುಸಿದೆ. ನಾಳೆಯಿಂದ ಸಂಜೆ ಎಲ್ಲಿಗೆ ಹೋಗಿ ನಿಲ್ಲಲಿ? ಕ್ರೇಟುಗಳಿಗೆ ನೀರು ಹಾಕಲೇ?

ಹೆಂಡತಿ ನನ್ನನ್ನೇ ನೋಡಿದಳು. ಮುಖದ ಮೇಲಿನ ತುಂಟತನ ಕರಗಿತು. ಲೋಟ ತೊಳೆದಿಟ್ಟಳು, ಬಟ್ಟೆಯ ಬುಟ್ಟಿ ಎತ್ತಿಕೊಂಡಳು.

"ಈಗ ಬಟ್ಟೆ ಒಣಹಾಕ್ತೀಯಾ?" ಎಂದೆ ಅಳು ಬೆರೆತ ದನಿಯಲ್ಲಿ.

"ಹತ್ತೇ ನಿಮಿಷ. ನೀವು ಈ ಯುದ್ಧಸಾಮಗ್ರಿನೆಲ್ಲ ಗೊಬ್ಬರದ ಡಬ್ಬಿಗೆ ಹಾಕಿ."

ಬುಟ್ಟಿ ಹಿಂದಿರುಗಿದಾಗ ಅದರಲ್ಲಿ ಬಟ್ಟೆಯಿರಲಿಲ್ಲ. ಟವೆಲ್ ಸರಿಸಿದಳು. ಬೆರಳುದ್ದದ ಎಳೆ ಬೀನ್ಸು, ಮುರಿದರೆ ಪಟ್ಟೆನ್ನುವಂಥವು. ಮುಖ ನೋಡಿಕೊಳ್ಳಬಹುದಾದಷ್ಟು ಹೊಳೆಯುವ ಪುಟ್ಟ ಬದನೆ. ಬಿಸಿಲಿನ ಬಿಸಿ ಇನ್ನೂ ಆರದ ಟೊಮೆಟೊ. ಮೈಮೇಲೆ ಮುಳ್ಳುಮುಳ್ಳು ಎಳೆಸೌತೆ.

"ಎಲ್ಲಿಂದ?"

"ನಾಲ್ಕನೆ ಸಾಲು. ಪಕ್ಕಕ್ಕೆ ಸರೀರಿ, ಎಣ್ಣೆ ಇಡ್ಬೇಕು."

ಅರ್ಧ ಗಂಟೆಯಲ್ಲಿ ಊಟ ಸಿದ್ಧವಾಯಿತು. ಬದನೆಯನ್ನು ಬೆಳ್ಳುಳ್ಳಿಯ ಜೊತೆ ಹುರಿದಿದ್ದಳು, ಬೀನ್ಸಿಗೆ ಉಪ್ಪು, ಕಾಳುಮೆಣಸು ಬಿಟ್ಟು ಏನೂ ಹಾಕಿರಲಿಲ್ಲ. ಟೊಮೆಟೊ ಸೂಪಿನ ಪರಿಮಳ ಮೆಟ್ಟಿಲು ಹತ್ತಿ ಹೋಗಿ ಮಾವನನ್ನು ಕೈಹಿಡಿದು ಕರೆತಂದಿತು. ಕೂತರು. ಉಂಡರು. ಬದನೆ ಮುಗಿಯಿತು, ಬೀನ್ಸು ಮುಗಿಯಿತು, ಸೂಪಿನ ಬಟ್ಟಲ ತಳ ಕಾಣಿಸಿತು. ನಾನು ಉಸಿರು ಬಿಗಿಹಿಡಿದು ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಬೆರಳು ಜೇಬಿನತ್ತ ಹೋಯಿತು. ಅಳತೆಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ತಟ್ಟೆಯನ್ನು ಮಗಳ ಮುಂದಕ್ಕೆ ತಳ್ಳಿದರು.

"ಬಡಿಸಮ್ಮಾ. ಬದನೆ ಒಂಚೂರು ಜಾಸ್ತಿ."

ತಾರಸಿ ಉಳಿಯಿತು!

ಆಗಷ್ಟೇ ನನಗೂ ಹಸಿವೆಂಬುದೊಂದಿದೆ ಎಂದು ನೆನಪಾಯಿತು. ತಟ್ಟೆಯಂಚಿನಲ್ಲಿದ್ದ ಒಂದು ಹೋಳು ಟೊಮೆಟೊ ಬಾಯಿಗಿಟ್ಟೆ. ಹಲ್ಲೂರಿದ್ದೇ ತಡ, ಬಾಯಿ ತುಂಬ ರಸ ಒಡೆಯಿತು. ಹುಳಿ, ಸಿಹಿ, ಬಿಸಿಲು, ಗಿಡ ಮುಟ್ಟಿದಾಗ ಕೈಗೆ ಅಂಟುತ್ತದಲ್ಲ ಆ ಹಸಿರು ವಾಸನೆ, ಎಲ್ಲ ಒಟ್ಟಿಗೆ. ಇಷ್ಟು ತಿಂಗಳು ಇದನ್ನು ಬೆಳೆದವನು ನಾನು. ಇದರ ರುಚಿ ಕಂಡದ್ದು ಅವತ್ತು. ಎರಡನೆಯ ಹೋಳು ತೆಗೆದುಕೊಂಡೆ, ಮೂರನೆಯದು ಮಾವನ ತಟ್ಟೆಯಿಂದ ತೆಗೆದುಕೊಂಡೆ.

ನಾಲ್ಕನೆಯದಕ್ಕೆ ಬುಟ್ಟಿಗೇ ಕೈಹಾಕಿದಾಗ ಇಡೀ ಟೊಮೆಟೊ ಸಿಕ್ಕಿತು. ಅದರ ತೊಟ್ಟು ನೋಡಿದೆ. ಕತ್ತರಿಯಲ್ಲಿ ಕತ್ತರಿಸಿದ ಹಾಗಿತ್ತು. ಬುಟ್ಟಿಯ ತಳದಲ್ಲಿ, ಟವೆಲಿನ ಕೆಳಗೆ, ಕತ್ತರಿಯೂ ಇತ್ತು.

ತಲೆಯೊಳಗೆ ಐದು ವರ್ಷದ ಪ್ರಶಸ್ತಿ ಪತ್ರ ಕಳಚಿ ಬಿತ್ತು.

"ಅಳಿಲು..." ಎಂದೆ.

"ನಾನೇ," ಎಂದಳು, ಸೂಪು ಬಡಿಸುತ್ತ. "ದಿನಾ ಬೆಳಗ್ಗೆ ಕಿತ್ಕೊಂಡು ಡಬ್ಬಿಗೆ ಹಾಕ್ಕೊಂಡು ಹೋಗ್ತಿದ್ದೆ. ನಮ್ಮ ಕನ್ನಡಕದ ಅಂಗಡೀಲಿ ನಾಲ್ಕು ಜನ ಹಂಚ್ಕೊಂಡು ತಿಂತೀವಿ. ನಿಮಗೂ ಎಷ್ಟು ಸಲ ಹೇಳ್ದೆ, ಇವತ್ತಿಂದು ಇವತ್ತು ತಿನ್ನೋಣ ಅಂತ. ನೀವು ಗೋಡೆಗೆ ಕೈ ತೋರಿಸಿದ್ರಿ. ದಿನಾ ಕೀಳ್ತಿದ್ರೆ ತಾನೇ ಗಿಡ ಎಳೇದು ಬಿಡೋದು? ಅದಕ್ಕೇ ಆ ಸಾಲು ಹಂಗಿರೋದು."

ಮಾವ ನೆತ್ತಿಗೆ ಹತ್ತುವಷ್ಟು ನಗುತ್ತಿದ್ದರು. ನಕ್ಕು ನಕ್ಕು ಕಣ್ಣೊರೆಸಿಕೊಂಡು ತೀರ್ಪು ಕೊಟ್ಟರು. "ತೋಟ ಇರಲಿ. ಕೀಳೋದು, ಅಡುಗೆ, ಎಲ್ಲ ಮಗಳ ಯಜಮಾನಿಕೆ. ಅಳಿಯಂದ್ರು ನೀರು ಹೊರಲಿ. ಬಕೆಟ್ಟಿಗೆ ಬೇಕಾದ್ರೆ ಚೀಟಿ ಅಂಟಿಸ್ಕೊಳ್ಳಲಿ."

ಒಪ್ಪಿದೆ. ಬೇರೆ ದಾರಿಯೇನಿತ್ತು? ಆದರೂ ಗಂಡಸಿನ ಮನಸ್ಸು, ಒಂದು ಮುಳ್ಳು ಉಳಿದುಬಿಟ್ಟಿತ್ತು. ಮಾವ ಕೈತೊಳೆಯಲು ಎದ್ದ ಮೇಲೆ ದನಿ ತಗ್ಗಿಸಿ ಕೇಳಿಯೇಬಿಟ್ಟೆ.

"ನಿಜ ಹೇಳು. ಈ ತೋಟ ನನ್ನ ಕೈಲಾಗಲ್ಲ ಅಂತ ನಿನಗೆ ಅನ್ನಿಸಿದ್ದು ಯಾವತ್ತು? ಬೀನ್ಸಿಗೆ ಚೀಟಿ ಅಂಟಿಸಿದಾಗಲಾ? ಅಳಿಲಿನ ಜೊತೆ ಸಂಧಿ ಮಾಡ್ಕೊಂಡಾಗಲಾ?"

ಅವಳು ಯೋಚಿಸಲು ಒಂದು ಕ್ಷಣವೂ ತೆಗೆದುಕೊಳ್ಳಲಿಲ್ಲ.

"ಮೂಲಂಗಿಗೆ ಕೋಲು ನೆಟ್ರಲ್ಲ, ಅವತ್ತು."